ಪಹಣಿಯಲ್ಲಿ ಅಪ್ಪನ ಹೆಸರು

"ಎರಡೆಕರೆ ತೆಂಗಿನ ತೋಟ ಇಟ್ಕೊಂಡು ಬಡವ ಅಂತ ಸರ್ಟಿಫಿಕೇಟ್ ಕೇಳ್ತೀಯಲ್ಲಯ್ಯಾ, ನಾಚ್ಕೆ ಆಗಲ್ವಾ?"

ತಾಲ್ಲೂಕು ಕಚೇರಿಯ ಕಿಟಕಿಯಾಚೆಯ ಗುಮಾಸ್ತ ಅಪ್ಪನ ಅರ್ಜಿಯನ್ನು ಹೊರಕ್ಕೆ ತಳ್ಳಿದ. ಸಾಲಿನಲ್ಲಿದ್ದವರು ನಕ್ಕರು. ಬೈದದ್ದು ಬೇರೆ ಯಾರಿಗೋ ಇರಬೇಕೆಂದು ಅಪ್ಪ ಹಿಂದೆ ತಿರುಗಿ ನೋಡಿದ.

"ನನ್ತಾವ ತೋಟ ಎಲ್ಲೈತೆ ಸಾ? ನಾನು ಕಂಡೋರ ಮರ ಹತ್ತಿ ಕಾಯಿ ಕೀಳೋನು."

"ಸಿದ್ದಗಂಗಯ್ಯ, ತಂದೆ ಮಾರಯ್ಯ. ನೀನೇ ತಾನೆ? ಕಂಪ್ಯೂಟರ್ ಸುಳ್ಳೇಳುತ್ತಾ? ನೆಕ್ಸ್ಟ್ ಯಾರ್ರೀ?"

ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. "ಆ ಕಂಪ್ಯೂಟ್ರು ಯೋಳಿದ್ನ ಒಂದ್ ಪೇಪರ್‌ನಾಗೆ ಕೊಡಿ ಸಾಮಿ."

ಪಹಣಿಯ ಪ್ರತಿ ಹಿಡಿದು ಹೊರಬಂದೆವು. ನನಗೆ ತುಮಕೂರಿನ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಆದಾಯ ಪ್ರಮಾಣಪತ್ರ ಕೊಟ್ಟರೆ ಫೀಸಿಗೆ ಸ್ಕಾಲರ್‌ಶಿಪ್, ಹಾಸ್ಟೆಲ್ಲಿಗೆ ಅಮ್ಮನ ಎರಡು ಮೇಕೆ ಮಾರಿದ ದುಡ್ಡು. ಅಪ್ಪ ಅಮ್ಮ ಹಾಗೆಂದುಕೊಂಡಿದ್ದರು. ಪ್ರಮಾಣಪತ್ರವಿಲ್ಲದಿದ್ದರೆ ಸೋಮವಾರದೊಳಗೆ ಪೂರ್ತಿ ಫೀಸು ಕಟ್ಟಬೇಕು. ಅವತ್ತು ಗುರುವಾರ.

ಸರ್ವೆ ನಂಬರು ನೋಡಿದೆ. ಅದು ನಮ್ಮೂರಿನ ಸಾಹುಕಾರ ಚನ್ನವೀರಯ್ಯನ ತೋಟ, ಕೆರೆಯಂಚಿನದು. ಅಪ್ಪ ಕೂಲಿಗೆ ಮರ ಹತ್ತುವ ತೋಟ.

ಚನ್ನವೀರಯ್ಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ನಾವು ಅಂಗಳದಲ್ಲಿ ನಿಂತೆವು. ಪಹಣಿ ನೋಡಿ ಹೊಟ್ಟೆ ಕುಣಿಸಿ ನಕ್ಕ.

"ಓ, ಇದಾ! ಬೋರ್‌ವೆಲ್‌ಗೆ ಅಂತ ಅವತ್ತು ಹೆಬ್ಬೆಟ್ಟು ಒತ್ತುಸ್ಕೊಂಡಿದ್ದೆ, ಮರ್ತ್ಯೇನ್ಲಾ? ನಿಮ್ ಜಾತಿಯೋರ ಜಮೀನಾದ್ರೆ ಸರ್ಕಾರ ಪುಕ್ಸಟ್ಟೆ ಕೊರ್ಸುತ್ತೆ. ಅದ್ಕೇ ತೋಟಾನ ನಿನ್ ಹೆಸ್ರಿಗೆ ಮಾಡ್ಸಿ ನೀರು ತಗ್ಸ್ದೆ. ಹೆಸ್ರು ನಿಂದು, ತೋಟ ನಂದು."

"ವಾಪಸ್ ನಿಮ್ ಹೆಸ್ರಿಗೇ ಮಾಡ್ಕಳಿ ಬುದ್ಧಿ. ಮಗೀಗೆ ಸರ್ಟಿಫಿಕೇಟ್ ಆಗ್ಬೇಕು."

"ಈಗ ಬದ್ಲಾಯ್ಸಿದ್ರೆ ಬೋರಿನ ದುಡ್ಡು ಕಕ್ಕು ಅಂತಾರೆ. ನಿಮ್ಮಪ್ಪ ಕಕ್ತಾನೇನೋ ಬೋಳಿಮಗನೆ?" ನನ್ನ ಕಡೆ ತಿರುಗಿದ. "ಏನು, ನರ್ಸಾ? ನಿನ್ ಕೈಲಿ ನಾವು ಸೂಜಿ ಚುಚ್ಚುಸ್ಕಬೇಕಾ? ಥೂ! ಗಾರ್ಮೆಂಟ್ಸ್‌ಗೆ ತಳ್ಳೋ ಇವಳ್ನ."

ಪಹಣಿಯನ್ನು ಅಂಗಳಕ್ಕೆ ಎಸೆದ. ಅಮ್ಮ ಎತ್ತಿಕೊಂಡು ಸೆರಗಿನಿಂದ ಮಣ್ಣು ಒರೆಸಿದಳು.

ಮನೆಗೆ ಬಂದವಳೇ ನನ್ನನ್ನು ಕೂರಿಸಿಕೊಂಡಳು. "ಓದು. ಬಿಡದಂಗೆ ಓದು."

ಓದಿದೆ. ಮಾಲೀಕರು: ಸಿದ್ದಗಂಗಯ್ಯ. ಸ್ವಾಧೀನ: ಸ್ವಂತ. ಬೆಳೆ: ತೆಂಗು.

"ಬೆಳೇನೂ ನಿಮ್ಮಪ್ಪಂದೇ ಅಂತ ಬರ್ದವ್ರಾ?"

"ಹೂಂ."

"ಹಂಗಾದ್ರೆ ಕೀಳು," ಅಂದಳು ಅಪ್ಪನಿಗೆ.

"ತಲೆ ಕೆಟ್ಟೈತೇನೇ ಹನುಮಿ? ಕಂಬಕ್ಕೆ ಕಟ್ಟಿ ಒದೀತಾನೆ!"

"ಇಲ್ಲೀಗಂಟ ಒದೀದೆ ಬುಟ್ಟವ್ನಾ? ಬಡವ ಅಂದ್ರೆ ಸರ್ಕಾರ ಒಪ್ತಿಲ್ಲ. ಸಾವ್ಕಾರ ಅಂತ ಬರ್ಕೊಟ್ಟೈತೆ. ಒಂದಿನ ಸಾವ್ಕಾರ್ನಂಗೆ ಬಾಳು."

ಅಪ್ಪ ಎದ್ದು ಮಚ್ಚು ಮಸೆಯತೊಡಗಿದ.

ಶನಿವಾರ ಬೆಳಗ್ಗೆ ಎಂಟಕ್ಕೆ ಗುಬ್ಬಿಯ ಕಾಯಿ ವ್ಯಾಪಾರಿ ಉದಯಕುಮಾರ್ ಲಗೇಜ್ ಆಟೋ ತಂದ. ಪಹಣಿಯನ್ನು ಎರಡು ಸಲ ಓದಿ, ಅಮ್ಮನನ್ನು ಮೇಲಿಂದ ಕೆಳಗೆ ನೋಡಿದ. "ಪಹಣಿ ಐತೆ ಅಂದ್ಮೇಲೆ ನನ್ಗೇನು? ಕೆಡವ್ರಿ." ಈಗಿನ ಕಾಯಿ ರೇಟಿಗೆ ಇದೊಂದು ಕೊಯ್ಲಿನಲ್ಲೇ ಫೀಸು ಹುಟ್ಟುತ್ತಿತ್ತು. ಅಪ್ಪ ಮರದಿಂದ ಮರಕ್ಕೆ ಹತ್ತಿದ. ಅಮ್ಮ, ನಾನು ಆಯ್ದು ಗುಡ್ಡೆ ಹಾಕಿದೆವು. ನಾನು ಮಾತ್ರ ಕಾಯಿಗಿಂತ ಹೆಚ್ಚು ರಸ್ತೆಯನ್ನೇ ನೋಡುತ್ತಿದ್ದೆ.

ಅರ್ಧ ತೋಟ ಮುಗಿಯುವಷ್ಟರಲ್ಲಿ ಚನ್ನವೀರಯ್ಯನ ಬುಲೆಟ್ ಬಂತು.

"ಕಳ್ಳ ನನ್ಮಕ್ಳಾ! ಪೊಲೀಸ್ ಕರ್ಸ್ತೀನಿ!"

"ಕರ್ಸಿ," ಅಮ್ಮ ಕೈಯ ಧೂಳು ಕೊಡವಿದಳು. "ತೋಟ ನಂದು, ಸಿದ್ದಗಂಗಯ್ಯಂದಲ್ಲ ಅಂತ ಬರ್ಕೊಡಿ. ಅದ್ನ ತೋರ್ಸಿದ್ರೆ ನಮ್ಗೆ ಸರ್ಟಿಫಿಕೇಟ್ ಆಯ್ತದೆ, ನಿಮ್ಗೆ ಬೋರಿನ ಕೇಸ್ ಆಯ್ತದೆ. ಬರ್ಕೊಡಲ್ವಾ, ಕಾಯಿ ನಮ್ದು. ಯಾವ್ದಾದ್ರೂ ಸರಿ, ಸ್ವಾಮಾರ ಮಗೀನ ಫೀಸು ಕಟ್ತೀವಿ."

ಅವನ ಹೆಬ್ಬೆರಳು ಫೋನಿನ ಮೇಲೇ ನಿಂತಿತು. ಉದಯಕುಮಾರ್ ಕೆಮ್ಮಿ ಬೇರೆ ಕಡೆ ಮುಖ ಮಾಡಿದ. ಅದು ನಗು ಎಂದು ಚನ್ನವೀರಯ್ಯನಿಗೂ ತಿಳಿಯಿತು. ಫೋನು ಜೇಬಿಗೆ ತುರುಕಿ, ಅಪ್ಪನಿದ್ದ ಮರಕ್ಕೆ ನುಗ್ಗಿ ಬುಡವನ್ನು ಒದ್ದ.

"ಇಳಿಯೋ ಲೇ ಸೂಳೆಮಗನೆ! ನಿನ್ ಕಾಲು ಮುರ್ದು ನಿನ್ ಮಗಳ ಕೈಲೇ ಬ್ಯಾಂಡೇಜ್ ಹಾಕುಸ್ತೀನಿ!"

"ಗೊನೆ ಬುಡ್ತೀನಿ," ಮೇಲಿನಿಂದ ಅಪ್ಪನ ಕೂಗು ಬಂತು. "ಪಕ್ಕಕ್ಕೋಗು!"

ಚನ್ನವೀರಯ್ಯ ಸರಿಯಲಿಲ್ಲ. ಕಾಂಡವನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಮೇಲೆತ್ತಿ ಬೈಯುತ್ತಲೇ ನಿಂತ.

ಅಪ್ಪ ಎರಡನೇ ಸಲ ಕೂಗಲಿಲ್ಲ. ಮಚ್ಚು ಎತ್ತಿದ. ಅಮ್ಮ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡಳು. ನಾವಿಬ್ಬರೂ ಬಾಯಿ ಬಿಡಲಿಲ್ಲ.