ಎರ್ರಪ್ಪ ಮೇಸ್ತ್ರಿಯ ಕೈ

ರಮೇಶ್‌ಬಾಬು ಆ ಹಳೆ ರೇಸ್ ಬೈಕನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ನಮ್ಮ ಎಂಜಿನ್ ರಿಪೇರಿ ಅಂಗಡಿಗೆ ಬಂದಾಗ ಅದಕ್ಕೆ ವೆಲ್ವೆಟ್ ಬಟ್ಟೆ ಹೊದಿಸಿದ್ದ. ನಮ್ಮ ಚಿಂತಾಮಣಿಯಲ್ಲಿ ದೇವರಿಗೂ ಅಷ್ಟು ಉಪಚಾರ ಇಲ್ಲ. ಐನೂರು ಸಿಸಿಯ ಒಂಟಿ ಸಿಲಿಂಡರ್ ಬೈಕು, ಇಂಗ್ಲೆಂಡಿನದು, ಅರವತ್ತು ವರ್ಷ ಹಳೆಯದು. ನಂದಿ ಬೆಟ್ಟದ ಹತ್ತಿರ ಸೈಟು ಮಾರಿ ದುಡ್ಡು ಮಾಡಿದ ಮನುಷ್ಯ ಅದನ್ನು ಕೊಂಡು ಎರಡು ತಿಂಗಳಾಗಿತ್ತು. ಓಡಿಸಲು ಎಷ್ಟು ಬರುತ್ತಿತ್ತೋ ಗೊತ್ತಿಲ್ಲ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿ ಬರುತ್ತಿತ್ತು.

ಜೊತೆಗೊಂದು ಡಬ್ಬ. ಅದರಲ್ಲಿ ಹೊರದೇಶದಿಂದ ತರಿಸಿದ ಸಾಮಾನು: ಮೊದಲಿನದಕ್ಕಿಂತ ಅಗಲವಾದ ವಾಲ್ವ್‌ಗಳು, ಗಟ್ಟಿ ಸ್ಪ್ರಿಂಗ್, ಹಗುರವಾದ ಪುಶ್‌ರಾಡ್, ವಾಲ್ವನ್ನು ಇನ್ನೂ ಆಳಕ್ಕೆ ತಳ್ಳುವ ಹೊಸ ಕ್ಯಾಮ್. ಎಂಜಿನ್ ಹೆಚ್ಚು ಉಸಿರೆಳೆದರೆ ಹೆಚ್ಚು ಓಡುತ್ತದೆ, ಇಷ್ಟೇ ವಿಷಯ. ಇದನ್ನು ಹೇಳಲು ಆತ ಇಪ್ಪತ್ತು ನಿಮಿಷ ತೆಗೆದುಕೊಂಡ, ಅದೂ ಇಂಗ್ಲಿಷಿನಲ್ಲಿ, ಅದೂ ತಪ್ಪುತಪ್ಪಾಗಿ.

"ಎಪ್ಪತ್ತೆಂಟನೇ ಇಸವೀಲಿ ಈ ಗಾಡೀನ ರೇಸಿಗೆ ರೆಡಿ ಮಾಡಿದ್ದು ನೀವೇ ಅಂತೆ ಮೇಸ್ತ್ರಿ. ಈಗ್ಲೂ ನಿಮ್ಮ ಕೈಯಿಂದಾನೇ ಆಗ್ಬೇಕು. ಬೇರೆ ಯಾರೂ ಮುಟ್ಟಕೂಡದು. ಅಂತೇ ಕದಾ? ಹೌದು ತಾನೆ?" ಎಂದ. ಬೇರೆ ಯಾರೂ ಅನ್ನುವಾಗ ನನ್ನ ಕಡೆ ನೋಡಿದ.

ಅಪ್ಪ ಕುರ್ಚಿಯಲ್ಲಿ ಕೂತೇ ತಲೆಯಾಡಿಸಿದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅಪ್ಪ ಎರ್ರಪ್ಪ ಮೇಸ್ತ್ರಿ ಒಂದು ಕಾಲಕ್ಕೆ ನಿಜವಾಗಿಯೂ ದೊಡ್ಡ ಕೆಲಸಗಾರ. ಆದರೆ ಸಕ್ಕರೆ ಕಾಯಿಲೆ ಬಂದು ಅವನ ಬೆರಳು ಮರಗಟ್ಟಿವೆ. ಬಿಸಿ ಟೀ ಲೋಟ ಹಿಡಿದರೂ ಬಿಸಿ ಅನ್ನುವುದು ಗೊತ್ತಾಗುವುದಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಅಂಗಡಿಯಲ್ಲಿ ಅವನು ಒಂದೇ ಒಂದು ವಾಲ್ವ್ ಕೂರಿಸಿಲ್ಲ. ಅಂಬಾಜಿದುರ್ಗದ ಕಡೆಯ ಟ್ರ್ಯಾಕ್ಟರು, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯೂನಿಟ್ಟುಗಳ ಜನರೇಟರು, ಎಲ್ಲದರ ಹೆಡ್ಡನ್ನೂ, ಅಂದರೆ ಎಂಜಿನ್ನಿನ ವಾಲ್ವ್ ಇರುವ ಮೇಲ್ಭಾಗವನ್ನು, ಬಿಚ್ಚುವುದೂ ನಾನೇ, ಕೂರಿಸುವುದೂ ನಾನೇ. ಗಿರಾಕಿಗಳು ಬರುತ್ತಾರೆ, ಹೆಡ್ಡನ್ನು ಅಪ್ಪನ ಕಾಲ ಬಳಿ ಇಡುತ್ತಾರೆ. ಅಪ್ಪ ಅದನ್ನೊಮ್ಮೆ ತಟ್ಟಿ, ಡಾಕ್ಟರಂತೆ ಮುಖ ಮಾಡಿ, ನಾಳಿದ್ದು ಬನ್ನಿ ಅನ್ನುತ್ತಾನೆ. ನಾಳಿದ್ದು ಬಂದು ಅವನಿಗೆ ಕೈಮುಗಿದು, ನನ್ನ ಹತ್ತಿರ ಕುಡಿಯಲು ನೀರು ಕೇಳಿ ಹೋಗುತ್ತಾರೆ. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡ ಹೆಂಗಸು ಅಂಗಡಿಯಲ್ಲಿ ಯಾಕೆ ನಿಂತಿದ್ದಾಳೆ ಎಂದು ಒಬ್ಬ ಗಂಡಸಿಗೂ ಇಷ್ಟು ವರ್ಷ ಅನುಮಾನ ಬಂದಿಲ್ಲ. ಇವರಿಗೆಲ್ಲ ಕಣ್ಣಿರುವುದು ಯಾತಕ್ಕೋ.

ಅವತ್ತು ರಮೇಶ್‌ಬಾಬು ಹೋದ ಮೇಲೆ ನಾನು ಅಪ್ಪನ ಎದುರು ನಿಂತೆ.

"ಅಪ್ಪ, ನಿಂಗೆ ಎಪ್ಪತ್ತಾರು. ನೀನಿಲ್ಲ ಅಂದ ದಿನ ಈ ಅಂಗಡಿಗೆ ಒಬ್ರೂ ಬರಲ್ಲ. ಯಾಕಂದ್ರೆ ಕೆಲಸ ಮಾಡೋದು ನಾನು ಅಂತ ಒಬ್ರಿಗೂ ಗೊತ್ತಿಲ್ಲ. ಈ ರಮೇಶ್‌ಬಾಬುದು ಹಳೇ ಬೈಕಿನವರ ಕ್ಲಬ್ಬೊಂದಿದೆ, ಅದ್ರಲ್ಲಿ ಮೂವತ್ತು ಗಾಡಿ ಇದಾವೆ. ಈ ಒಂದು ಕೆಲಸಾನಾದ್ರೂ ತನುಜ ಮಾಡಿದ್ದು ಅಂತ ಹೇಳು."

"ಹೇಳ್ತೀನಿ ಬಿಡಮ್ಮ. ಗಾಡಿ ಓಡ್ಲಿ, ಎಲ್ಲಾರ ಮುಂದೇನೇ ಹೇಳ್ತೀನಿ," ಎಂದ ಅಪ್ಪ.

ನಾನು ನಂಬಿದೆ. ನಲವತ್ತು ವರ್ಷದ ಹೆಂಗಸು, ನಂಬಿದೆ.

ಒಂಬತ್ತು ದಿನ ಕೆಲಸ ಮಾಡಿದೆ. ಹೆಡ್ಡಿನಲ್ಲಿ ವಾಲ್ವ್ ಬಂದು ಕೂರುವ ಹಳೆ ಸೀಟುಗಳನ್ನು ಹೊಸ ವಾಲ್ವ್‌ಗಳ ಅಗಲಕ್ಕೆ ಕೊರೆದೆ. ವಾಲ್ವ್ ಜಾರುವ ಕೊಳವೆಗಳನ್ನು, ಅಂದರೆ ಗೈಡ್‌ಗಳನ್ನು, ಬದಲಾಯಿಸಿದೆ. ವಾಲ್ವಿಗೆ ಪೇಸ್ಟ್ ಹಚ್ಚಿ ಸೀಟಿನ ಮೇಲೆ ತಿಕ್ಕಿ ತಿಕ್ಕಿ, ಸುತ್ತಲೂ ಬೂದುಬಣ್ಣದ ತೆಳು ಗೆರೆ ಒಂದೇ ಸಮ ಮೂಡುವ ತನಕ ಬಿಡಲಿಲ್ಲ. ಕೆಳಗೆ ಕ್ಯಾಮ್ ಕೂರಿಸಿದೆ. ಆಮೇಲೆ ಹೆಡ್ಡಿಗೆ ಪೆಟ್ರೋಲ್ ಸುರಿದು ಅರ್ಧ ಗಂಟೆ ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ. ಅಪ್ಪ ಕೂತಲ್ಲಿಂದಲೇ "ಸರಿ ಬಂದೈತೆ" ಅಂದ. ಹೆಡ್ ಮುಚ್ಚುವ ಕೆಲಸವೊಂದು ಉಳಿದಿತ್ತು.

ಹತ್ತನೆಯ ದಿನ ರಮೇಶ್‌ಬಾಬು ಪ್ರತ್ಯಕ್ಷನಾದ. ಕೈಯಲ್ಲಿ ಫೋನು, ಫೋನಿಗೊಂದು ಕೋಲು. ಮೇಸ್ತ್ರಿ ತಮ್ಮ ಕೈಯಾರೆ ಎಂಜಿನ್ ಕೂರಿಸುವುದನ್ನು ವಿಡಿಯೋ ಮಾಡಬೇಕಂತೆ, ಕ್ಲಬ್ಬಿನವರು ನೋಡಬೇಕಂತೆ. ಅಪ್ಪ ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಎಂಜಿನ್ ಕೆಲಸಕ್ಕೆ ಬಿಳಿ ಅಂಗಿ!

ನಾನು ಒಂದು ಉಂಡೆ ಚಪಾತಿ ಕಣಕ ತಂದು ಮೇಜಿನ ಮೇಲಿಟ್ಟೆ. ಅದು ಅಪ್ಪನೇ ಹೇಳಿಕೊಟ್ಟ ಪಾಠ. ಅಗಲವಾದ ವಾಲ್ವ್ ಆಳಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಪಿಸ್ಟನ್ ಮೇಲೆ ಬರುತ್ತದೆ. ನಡುವೆ ಜಾಗ ಸಾಲದಿದ್ದರೆ ಎರಡೂ ಗುದ್ದಿಕೊಳ್ಳುತ್ತವೆ. ಅದಕ್ಕೆ ಪಿಸ್ಟನ್ ತಲೆಯ ಮೇಲೆ ಕಣಕ ಹಚ್ಚಿ, ಹೆಡ್ ಇಟ್ಟು, ಎಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಕಣಕವನ್ನು ಬ್ಲೇಡಿನಿಂದ ಕುಯ್ದು ನೋಡಬೇಕು. ವಾಲ್ವ್ ಒತ್ತಿದ ಗುಳಿಯಲ್ಲಿ ಎರಡು ಮಿಲಿಮೀಟರು ದಪ್ಪ ಉಳಿದಿರಬೇಕು. ರಾಗಿ ಹಿಟ್ಟು ಬಿರುಕು ಬಿಡುತ್ತದೆ, ಗೋಧಿಯೇ ಆಗಬೇಕು ಎಂದು ನಾನು ಹದಿನೆಂಟರ ಹುಡುಗಿಯಾಗಿದ್ದಾಗ ಅಪ್ಪ ಹೇಳಿದ್ದ.

"ಇದೇನಮ್ಮ, ಹೋಳಿಗೆಗೆ ಕಲಸಿದ್ದಾ? ಹೂರ್ಣ ಎಲ್ಲಿ?" ಎಂದು ರಮೇಶ್‌ಬಾಬು ಫೋನನ್ನು ಕಣಕದ ಕಡೆ ತಿರುಗಿಸಿ ನಕ್ಕ.

"ಅಪ್ಪ, ಜಾಗ ನೋಡ್ಬೇಕು," ಎಂದೆ.

ಅಪ್ಪ ಫೋನನ್ನು ನೋಡಿ, ಆಮೇಲೆ ಕಣಕ ನೋಡಿ, ರಮೇಶ್‌ಬಾಬುವಿನ ಜೊತೆ ತಾನೂ ನಕ್ಕ. "ಅದೆಲ್ಲ ಕಲಿಯೋರಿಗೆ ಸಾರ್. ಹೆಂಗಸ್ರು ಏನಿದ್ರೂ ಅಡಿಗೆ ಮನೆ ಬುದ್ಧೀನೇ. ನಂಗೆ ಕೈಯಲ್ಲೇ ಗೊತ್ತಾಗುತ್ತೆ."

ಕೈಯಲ್ಲಿ ಗೊತ್ತಾಗುತ್ತಂತೆ, ಆ ಕೈಯಲ್ಲಿ!

ಅಷ್ಟಾದರೂ ಮೂರು ಸಲ ಹೇಳಿದೆ. ಮೂರು ಸಲವೂ ಅಪ್ಪ ಕೇಳಿಸದವನಂತೆ ನಟ್ಟು ತಿರುಗಿಸಿದ. ಹೆಡ್ ಮುಚ್ಚಿ ಎಂಜಿನನ್ನು ನಿಧಾನಕ್ಕೆ ತಿರುಗಿಸಿ, "ನೋಡಿ ಸಾರ್, ಎಲ್ಲೂ ತಗುಲಲ್ಲ," ಎಂದ. ನಿಧಾನಕ್ಕೆ ತಿರುಗಿಸಿದರೆ ಎಲ್ಲಿ ತಗುಲುತ್ತದೆ? ನಿಮಿಷಕ್ಕೆ ಆರು ಸಾವಿರ ಸುತ್ತು ಹೊಡೆದಾಗ ಗೊತ್ತಾಗುವುದು. ನಾಲ್ಕನೆಯ ಸಲ ನಾನು ಹೇಳಲಿಲ್ಲ. ಇಬ್ಬರೂ ಹಾಳಾಗಿ ಹೋಗಲಿ ಅಂದುಕೊಂಡು ಕಣಕ ಎತ್ತಿಕೊಂಡು ಒಳಗೆ ಹೋದೆ. ಅಷ್ಟು ಮಟ್ಟಿಗೆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಭಾನುವಾರ ಪೆರೇಸಂದ್ರದ ಹತ್ತಿರ ರಮೇಶ್‌ಬಾಬುವಿನದೇ ಲೇಔಟಿನಲ್ಲಿ ಬೈಕ್ ಓಡಿಸಿ ನೋಡುವುದೆಂದಾಯಿತು. ಒಂದು ಸೈಟೂ ಮಾರಾಟವಾಗದ ಲೇಔಟು, ಹಾಗಾಗಿ ರಸ್ತೆ ನೇರವಾಗಿ ಖಾಲಿಯಿತ್ತು. ಕ್ಲಬ್ಬಿನವರು ಆರು ಜನ ಬಂದಿದ್ದರು. ಒಬ್ಬೊಬ್ಬರ ಚರ್ಮದ ಜಾಕೆಟ್ಟಿನ ಮೇಲೂ ಇವರು ಹುಟ್ಟುವ ಮುಂಚೆ ಮುಚ್ಚಿಹೋದ ಕಂಪನಿಗಳ ಹೆಸರು. ಆ ಬಿಸಿಲಲ್ಲಿ ಬೆವೆತು ನೀರಾಗುತ್ತಿದ್ದರು, ಬಿಚ್ಚಲು ಮಾತ್ರ ಮನಸ್ಸಿಲ್ಲ. ಅಪ್ಪನನ್ನು ಕೊಡೆಯ ಕೆಳಗೆ ಕೂರಿಸಿ ಎಳನೀರು ಕೊಟ್ಟರು.

ಮೊದಲ ಎರಡು ಸುತ್ತು ಬೈಕು ಚೆನ್ನಾಗಿಯೇ ಓಡಿತು. ನನಗೇ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಒಂಬತ್ತು ದಿನದ ನನ್ನ ಕೆಲಸ ಆ ಸದ್ದಿನಲ್ಲಿತ್ತು. ಮೂರನೆಯ ಸುತ್ತಿನಲ್ಲಿ ರಮೇಶ್‌ಬಾಬು ಪೂರ್ತಿ ಆಕ್ಸಿಲರೇಟರ್ ಕೊಟ್ಟ. ಟಕ್ ಟಕ್ ಎಂದು ಎರಡು ಸದ್ದು, ಎಂಜಿನ್ ನಿಂತಿತು. ಕಿಕ್ಕರ್ ಒತ್ತಿದರೆ ತಡೆಯೇ ಇಲ್ಲದೆ ಕೆಳಗಿಳಿಯಿತು.

ಬೈಕನ್ನು ಅಂಗಡಿಗೆ ತಂದು ಎಲ್ಲರೆದುರು ನಾನೇ ಹೆಡ್ ಬಿಚ್ಚಿದೆ. ಒಂದು ವಾಲ್ವ್ ಬಾಗಿತ್ತು, ಅದರ ಗೈಡು ಸೀಳಿತ್ತು. ಪಿಸ್ಟನ್ ತಲೆಯ ಮೇಲೆ ಉಗುರಿನ ಆಕಾರದ ಏಟು. ಆ ಪಿಸ್ಟನ್ ಈಗ ಎಲ್ಲೂ ಸಿಗುವುದಿಲ್ಲ.

"ಏನ್ ಮೇಸ್ತ್ರಿ ಇದು?" ಎಂದು ರಮೇಶ್‌ಬಾಬು ಕೇಳಿದ.

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ಏಳು ಜನರಿಗೂ ಕೇಳುವ ಹಾಗೆ ಹೇಳಿದ:

"ಇದು ನಮ್ಮ ತನುಜ ಮಾಡಿದ್ದು ಸಾರ್. ಸೀಟು, ಗೈಡು, ಫಿಟಿಂಗು, ಎಲ್ಲಾ ಅವಳೇ. ನಂಗೆ ಕೈ ಓಡಲ್ಲ. ಹನ್ನೊಂದು ವರ್ಷದಿಂದ ಈ ಅಂಗಡೀಲಿ ಎಲ್ಲಾ ಕೆಲಸ ಅವಳೇ ಮಾಡ್ತಿರೋದು."

ಏಳೂ ಜನ ನನ್ನ ಕಡೆ ತಿರುಗಿದರು. ನಾನು ಕೇಳಿಕೊಂಡಿದ್ದ ಮಾತು ಅದೇ. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದ.

"ಹೆಡ್ ಮುಚ್ಚಿದ್ದು ಅಪ್ಪ. ಜಾಗ ನೋಡ್ಬೇಕು ಅಂತ ನಾನು ಹೇಳ್ದೆ. ನಿಮ್ಮ ಫೋನಲ್ಲೇ ಇದೆಯಲ್ಲ, ನೋಡಿ," ಎಂದೆ.

ರಮೇಶ್‌ಬಾಬು ಫೋನನ್ನು ಜೇಬಿಗಿಟ್ಟುಕೊಂಡ. "ಮೇಸ್ತ್ರಿ ಸುಳ್ಳು ಹೇಳ್ತಾರೇನಮ್ಮ ಈ ವಯಸ್ಸಲ್ಲಿ?" ಎಂದ. ತನ್ನ ಕಣ್ಣಿಂದ ತಾನೇ ನೋಡಿದ್ದನ್ನು ನುಂಗಿಕೊಂಡು ಹೀಗೆ ಹೇಳಲು ಎಂಥ ದಪ್ಪ ತೊಗಲು ಬೇಕು! ಹೋಗುವಾಗ ಅಪ್ಪನಿಗೆ ಕೈಮುಗಿದು, "ಪಾಪ, ಮಗಳು ಅಂತ ಕೆಲಸ ಬಿಟ್ಟುಕೊಟ್ರಿ," ಎಂದು ಸಮಾಧಾನ ಬೇರೆ ಹೇಳಿದ.

ಅವರೆಲ್ಲ ಹೋದ ಮೇಲೆ ಅಪ್ಪ "ಕೋಪ ಮಾಡ್ಕೋಬೇಡ ಕಣಮ್ಮ. ಐವತ್ತು ವರ್ಷದ ಹೆಸರು ನಂದು. ನಿಂದು ಹೋದ್ರೆ ಏನಾಯ್ತು, ಯಾರಿಗೆ ಗೊತ್ತಿತ್ತು?" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಮಾಧಾನ ಮಾಡುವ ದನಿಯಲ್ಲೇ ಹೇಳಿದ. ರಮೇಶ್‌ಬಾಬುವಿನಂಥವರನ್ನು ಕಂಡರೆ ನನಗೆ ಬರೀ ಅಸಹ್ಯ. ಇದು ಅದಲ್ಲ. ನನ್ನ ಅಪ್ಪ ನನ್ನ ಕಣ್ಣಲ್ಲಿ ಇಳಿದುಹೋದ. ಅಪ್ಪನ ಮೇಲೆ ಇಂಥ ತಾತ್ಸಾರ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಯ್ಯಪ್ಪ ಎಂಬ ರೈತ ಟ್ರ್ಯಾಕ್ಟರಿನ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಸುದ್ದಿ ಆಗಲೇ ಅವನ ಕಿವಿಗೂ ಬಿದ್ದಿತ್ತು. ಹೆಡ್ಡನ್ನು ಕೆಳಗಿಡದೆ ಬಾಗಿಲಲ್ಲೇ ನಿಂತು, "ಇದನ್ನ ಮೇಸ್ತ್ರೀನೇ ಮಾಡ್ತಾರಾ, ಇಲ್ಲಾ ನೀನು ಮಾಡ್ತೀಯೇನಮ್ಮ?" ಎಂದು ನನ್ನನ್ನು ಕೇಳಿದ.

"ಮೇಸ್ತ್ರೀನೇ ಮಾಡ್ತಾರೆ. ಇನ್ಮೇಲೆ ಎಲ್ಲಾ ಅವ್ರೇ," ಎಂದೆ.

ಬಯ್ಯಪ್ಪ ಸಂತೋಷದಿಂದ ಹೆಡ್ಡನ್ನು ಅಪ್ಪನ ಮುಂದಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತ, ಕೆಲಸ ಮುಗಿಯುವ ತನಕ ಇರುತ್ತೇನೆ ಎಂದ. ನಾನು ಸ್ಪ್ರಿಂಗ್ ಬಿಚ್ಚುವ ಕ್ಲ್ಯಾಂಪನ್ನು ಅಪ್ಪನ ಕೈಗೆ ಕೊಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಹೋಗಿ ಕೂತೆ. ಅಪ್ಪ ಕ್ಲ್ಯಾಂಪನ್ನು ವಾಲ್ವಿಗೆ ಸಿಕ್ಕಿಸಲು ನೋಡಿದ, ಅದು ಜಾರಿತು. ಮತ್ತೆ ನೋಡಿದ. ಆಮೇಲೆ ತಲೆಯೆತ್ತಿ, ಬಯ್ಯಪ್ಪನ ಎದುರಿಗೇ, "ತನುಜಾ," ಎಂದ.

ನಾನು ಏಳಲಿಲ್ಲ.