ಹಿಮ್ಮೇಳಕ್ಕೆ ಬಿಟ್ಟ ಜಾಗ

ಶಂಕ್ರೆಪ್ಪನವರು ಒಂದು ಮಾತು ಆಡಿದರೆ, ಕೇಳುವವನು 'ಹೂಂ' ಎನ್ನುವ ತನಕ ಎರಡನೆಯದನ್ನು ಆಡುತ್ತಿರಲಿಲ್ಲ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುವಾಗಲೂ ಅಷ್ಟೇ, ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ನನ್ನ ಕ್ಷೇಮಸಮಾಚಾರ ವಿಚಾರಿಸುವಾಗಲೂ ಅಷ್ಟೇ. ನಡುವೆ ನಿಂತು, ಕತ್ತನ್ನು ತುಸು ಎಡಕ್ಕೆ ವಾಲಿಸಿ, ಕಾಯುತ್ತಿದ್ದರು. ಶಾಲೆಯ ಗಂಟೆಗೆ ಓಡುವ ನನ್ನಂಥ ಅವಸರದ ಮಾಸ್ತರನಿಗೆ ಮೊದಮೊದಲು ತಲೆ ಕೆಟ್ಟುಹೋಗುತ್ತಿತ್ತು. ಇವರ 'ಹೂಂ'ಗಾಗಿ ಲೋಕಲ್ ಗಾಡಿ ನಿಲ್ಲುತ್ತದೆಯೇ? ಜೀವಮಾನವಿಡೀ ಗೀಗೀ ಪದ ಹಾಡಿದವರ ಸಂಸ್ಕಾರ ಅದೆಂದು ಆಮೇಲೆ ತಿಳಿಯಿತು. ಆ ಹಾಡಿಕೆಯಲ್ಲಿ ಮುಂದೆ ನಿಂತು ಹಾಡುವವನು ಒಂದು ನುಡಿ ಎತ್ತಿ ಬಿಡುತ್ತಾನೆ. ಹಿಮ್ಮೇಳದವನು ಅದರ ತುದಿ ಹಿಡಿದು 'ಗೀಯ ಗೀಯ' ಎಂದು ಎಳೆದು ಮರಳಿಸಿದ ಮೇಲೆಯೇ ಮುಂದಿನ ನುಡಿ.

ವಿಜಾಪುರದ ಕಡೆಯಿಂದ ಬಂದು ಶಹಾಡದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅವರು ಪದಗಳನ್ನು ತಾವೇ ಕಟ್ಟುತ್ತಿದ್ದರು. ಬೆವರು ಧಾರಾಕಾರ ಸುರಿಯುವ ಮೇ ತಿಂಗಳಲ್ಲೂ ಹಾಡುವಾಗ ಮೈಮೇಲೆ ಕರಿಯ ಕೋಟು ಇರಲೇಬೇಕು. ಆ ಕೋಟಿನ ಎಡತೋಳು ಮಾತ್ರ ಸವೆದು ಬಣ್ಣಗೆಟ್ಟಿತ್ತು, ಏಕೆಂದರೆ ವರ್ಷಗಟ್ಟಲೆ ಅಲ್ಲಿಗೆ ಒತ್ತಿಕೊಂಡೇ ನಿಂತು ಒಂಟಿತಂತಿಯ ತುಂತುಣಿ ಮೀಟಿದವನು ಹಿಮ್ಮೇಳದ ಮಾನಪ್ಪ. ಆತ ಘಣಸೋಲಿಯಲ್ಲಿ ಮನೆ ಮಾಡಿಕೊಂಡು, ಮಹಾಪೆಯ ಬದಿಯ ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದ.

ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಕಲ್ಲಿನ ಧೂಳು ಮಾನಪ್ಪನ ಗಂಟಲಿಗಿಳಿದಿತ್ತು. ಕಲ್ಯಾಣದ ಒಂದು ಗಣೇಶೋತ್ಸವದಲ್ಲಿ ಹುಡುಗರು ಹಾರ್ಮೋನಿಯಂ, ಢೋಲಕ್ ತಂದಿಟ್ಟಿದ್ದರು. ನೆರೆದ ಜನವನ್ನೊಮ್ಮೆ ನೋಡಿದ ಶಂಕ್ರೆಪ್ಪನವರು ಎಲ್ಲರಿಗೂ ಕೇಳುವಂತೆ, "ನಿನ್ನ ದನಿ ಕೆಟ್ಟೈತಿ ಮಾನ್ಯಾ. ಇವತ್ತ ಕೆಳಗ ಕುಂತು ಕೇಳು," ಎಂದುಬಿಟ್ಟರು. ಮಾನಪ್ಪ ಕೆಳಗೆ ಕುಳಿತ. ಮೊದಲ ಪದ ಮುಗಿಯುವ ತನಕ ಕೇಳಿ, ತುಂತುಣಿಯನ್ನು ವೇದಿಕೆಯ ಅಂಚಿನಲ್ಲಿಟ್ಟು ಹೊರಟುಹೋದ, ಮತ್ತೆಂದೂ ಬರಲಿಲ್ಲ. ಆ ದಿನದಷ್ಟು ಚಪ್ಪಾಳೆ ಶಂಕ್ರೆಪ್ಪನವರಿಗೆ ಹಿಂದೆಂದೂ ಬಿದ್ದಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿವೃತ್ತರಾದ ಮೇಲೆ, ಗಲ್ಲಿಗಲ್ಲಿಗೂ ಕ್ಯಾಸೆಟ್ಟಿನ ಹುಚ್ಚು ಹಿಡಿದಿದ್ದ ಕಾಲದಲ್ಲಿ, ತಾವೂ ಒಂದು ಮಾಡಿಸುತ್ತೇನೆಂದು ಅವರು ಹೊರಟರು. ಹಾರ್ಮೋನಿಯಂ ಬೇಡ, ಢೋಲಕ್ ಬೇಡ, ಮತ್ತೊಬ್ಬರ ದನಿಯೂ ಬೇಡ. ಡೊಂಬಿವಲಿಯ ರಮಾಕಾಂತನ ಕ್ಯಾಸೆಟ್ ಅಂಗಡಿಯ ಹಿಂಕೋಣೆಯಲ್ಲಿ, ಸುಡುವ ಮಧ್ಯಾಹ್ನ, ಅದೇ ಕೋಟು ತೊಟ್ಟು ಕುಳಿತು, ದಪ್ಪಿನ ಚರ್ಮದ ಮೇಲೆ ಬೆರಳ ತುದಿಯನ್ನಷ್ಟೇ ಆಡಿಸುತ್ತ, ಪಕ್ಕದಲ್ಲಿ ಕುಳಿತವನಿಗಷ್ಟೇ ಕೇಳಿಸಿದರೆ ಸಾಕೆಂಬಂಥ ಸಣ್ಣ ದನಿಯಲ್ಲಿ ಹಾಡಿದರು. ಎಲ್ಲವೂ ಹೊಸ ಪದಗಳು. ಉಳುಮೆಯ ನಡುವೆ ಜೋಡೆತ್ತಿನಲ್ಲೊಂದನ್ನು ಬಿಚ್ಚಿ ಕಳಿಸಿದವನ ಪದವೂ ಅದರಲ್ಲಿತ್ತು. ಪ್ರತಿ ನುಡಿಯ ಕೊನೆಗೂ ನಿಂತು, ಕತ್ತು ಎಡಕ್ಕೆ ವಾಲಿಸಿ, ಸುಮ್ಮನೆ ಕಾದರು. ಜೊತೆಗೆ ಹೋಗಿದ್ದ ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ.

ಮುಂದಿನ ವಾರ ಕ್ಯಾಸೆಟ್ಟು ತಯಾರಾಗಿ ಬಂದಾಗ ಒಂದನ್ನು ನನ್ನ ಕೈಯಲ್ಲಿಟ್ಟರು. ಕೇಳಿ ನೋಡಲು ಅವರ ಮನೆಯಲ್ಲಿ ಯಂತ್ರವಿರಲಿಲ್ಲ, ನನ್ನ ಮನೆಯಲ್ಲೂ ಇರಲಿಲ್ಲ.

"ಮಾಸ್ತರ್ರ, ಇದನ್ನ ಮಾನ್ಯಾಗ ಮುಟ್ಟಸ್ರಿ. ನನ್ನ ಮಾರಿ ನೋಡಿ ಅಂವ ದನಿ ಕೂಡಸೂದಿಲ್ಲ. ಟೇಪಿಗಾದ್ರ ಕೂಡಸ್ಯಾನು."

ಘಣಸೋಲಿಯಲ್ಲಿ ಮಾನಪ್ಪ ನೆರೆಮನೆಯಿಂದ ಟೇಪ್ ರೆಕಾರ್ಡರ್ ತಂದ. ಮೊದಲ ನುಡಿ ಮುಗಿಯಿತು. ಅವನ ಬಾಯಿ ತಾನಾಗಿ ತೆರೆಯಿತು. ಅಷ್ಟರೊಳಗೆ ಎರಡನೆಯ ನುಡಿ ಬಂದೇಬಿಟ್ಟಿತ್ತು. ಪದದ ಕೊನೆಯ ತನಕ ಹಾಗೆಯೇ. ಅವನು ಯಂತ್ರ ನಿಲ್ಲಿಸಿದ.

"ಹಾಡೇನೋ ಭಾಳ ಛಲೋ ಅದಾವ್ರಿ. ಆದ್ರ ಈಗೂ ನನಗ ಜಾಗಾ ಬಿಟ್ಟಿಲ್ಲ."

ಇಲ್ಲಪ್ಪಾ, ಬಿಟ್ಟಿದ್ದರು, ಕಣ್ಣಾರೆ ಕಂಡಿದ್ದೇನೆ ಎಂದು ನಾನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಿದ್ದೇನೆಂದುಕೊಂಡು ಮಾನಪ್ಪ ಸಣ್ಣಗೆ ನಕ್ಕ.

ಮರುದಿನವೇ ರಮಾಕಾಂತನಲ್ಲಿಗೆ ಓಡಿದೆ. ಅವನು ಹೆಮ್ಮೆಯಿಂದ ಹೇಳಿದ: "ಬುಡ್ಢಾ ಹರ್ ಲೈನ್ ಕೇ ಬಾದ್ ಭೂಲ್ ಜಾತಾ ಥಾ, ಮಾಸ್ತರ್. ಖಾಲಿ ಜಗಾ ಸಬ್ ನಿಕಾಲ್ ದಿಯಾ." ಮುದುಕ ಪದ ಮರೆತು ತಡವರಿಸುತ್ತಿದ್ದಾನೆಂದು ಬಗೆದು, ಮರ್ಯಾದೆ ಉಳಿಸಲು ಇನ್ನೊಂದು ಟೇಪಿಗೆ ಇಳಿಸುವಾಗ ಆ ಮೌನಗಳನ್ನೆಲ್ಲ ಬಿಟ್ಟುಬಿಟ್ಟಿದ್ದನಂತೆ. ಮೂಲದ ಟೇಪಿನ ಮೇಲೆ ಆಗಲೇ ಆರತಿಯ ಹಾಡುಗಳನ್ನು ತುಂಬಿಸಿಯಾಗಿತ್ತು. ಪುಣ್ಯಾತ್ಮ ಉಪಕಾರವೆಂದೇ ಮಾಡಿದ್ದ, ಬೈಯುವುದಾದರೂ ಹೇಗೆ?

ಅಲ್ಲಿಂದ ಶಹಾಡಕ್ಕೆ ಹೋದರೆ, ಶಂಕ್ರೆಪ್ಪನವರು ಜ್ವರದಲ್ಲಿ ಹಿಂದಿನ ದಿನವೇ ತೀರಿಕೊಂಡಿದ್ದರು. ಅವರ ಹೆಂಡತಿ ಸಾಬವ್ವ ಗೋಡೆಗೊರಗಿ ಕುಳಿತಿದ್ದರು. "ಮಾನಪ್ಪ ಏನಂದ, ಮಾನಪ್ಪ ಏನಂದ ಅಂತ ಕೇಳಕೋತನ ಹ್ವಾದ್ರಿ," ಎಂದರು.

ಮತ್ತೆ ಘಣಸೋಲಿಗೆ ಹೋಗಿ ಎಲ್ಲವನ್ನೂ ಮಾನಪ್ಪನಿಗೆ ಹೇಳಿದೆ. ಅವನು ಎದ್ದು ನೆರೆಮನೆಯಿಂದ ಮತ್ತೆ ಆ ಯಂತ್ರ ತಂದು ಕ್ಯಾಸೆಟ್ಟು ಹಾಕಿದ. ಮೊದಲ ನುಡಿ ಮುಗಿಯುತ್ತಲೇ ಹೆಬ್ಬೆರಳಿನಿಂದ ಗುಂಡಿ ಒತ್ತಿ ನಿಲ್ಲಿಸಿ, ಒಡಕು ದನಿಯಲ್ಲಿ 'ಗೀಯ ಗೀಯ' ಎಂದು ಎಳೆದು ಮರಳಿಸಿದ, ಮತ್ತೆ ಒತ್ತಿದ, ಶಂಕ್ರೆಪ್ಪನವರು ಮುಂದಿನ ನುಡಿ ಎತ್ತಿಕೊಂಡರು. ಕ್ಯಾಸೆಟ್ಟಿನ ಪೂರ್ತಿ ಒಂದು ಮಗ್ಗುಲು ಇಬ್ಬರೂ ಹೀಗೆಯೇ ಹಾಡಿದರು.

ಜೋಡಿಯಲ್ಲಿ ಹಾಡಿ ಮುದುಕರಾದ ಈ ಜನಕ್ಕೆ 'ತಪ್ಪಾಯಿತು' ಎನ್ನಲು ಬಾಯಿ ಬರುವುದಿಲ್ಲ. ಒಂದು ನುಡಿ ಹಾಡಿ, ಸುಮ್ಮನಾಗಿ, ಮತ್ತೊಬ್ಬನ ದನಿಗೆ ಕಾಯುತ್ತಾರೆ. ನಾವು ಮರೆವೆಂದು ತಿಳಿದು ಅವಸರಪಡುತ್ತೇವೆ. ಘಣಸೋಲಿಯ ಆ ಕೋಣೆಯಲ್ಲಿ ಮಾನಪ್ಪ ಕೊನೆಗೂ 'ಹೂಂ' ಅಂದಿದ್ದ. ಕೇಳಿಸಿಕೊಳ್ಳಲು ಶಂಕ್ರೆಪ್ಪನವರು ಇರಲಿಲ್ಲ.