ಹೂಂ

ಅಲುಗಿತು — ಇಲ್ಲ, ಗಾಳಿ, ಗಾಳಿಯೇ ಇರಬೇಕು, ದಿಬ್ಬದ ಅಂಚಿನಾಚೆ ಕಾಣುವುದು ಒಂದೇ ಬೂಟು, ಅದರ ಮೇಲೆ ಹಳದಿ ತಂತಿಯ ಗಂಟು, ಲೇಸು ಹರಿದಿತ್ತೆಂದು ಗೊರಕೆ, ರಾತ್ರಿಯ ಸದ್ದಿಗೆ ಕಂದಕದವರು ಇಟ್ಟ ಹೆಸರದು, ಬೆಳಿಗ್ಗೆ ತಾನೇ ಫೋನ್ ತಂತಿಯ ತುಂಡಿನಿಂದ ಬಿಗಿದುಕೊಂಡು, ಹೆಂಗೋ, ಮದುವೆ ಗಂಡಿನ ಥರ ಇಲ್ವಾ ಅಂದಿದ್ದ, ಕಾಲಿಗೇನೋ ಕಳೆ ಬಂತು, ಮುಖಕ್ಕೇನ್ ಮಾಡ್ತೀಯ ಅಂದಿದ್ದ ಇವನು, ಇಡೀ ಕಂದಕ ನಕ್ಕಿತ್ತು — ದುರ್ಬೀನಿನ ಗಾಜಿಗೆ ಬೆವರು, ಒರೆಸಬೇಕು, ಒರೆಸುವಷ್ಟರಲ್ಲಿ ಅಲುಗಿಬಿಟ್ಟರೆ? ತಲೆ ಎತ್ತಬೇಡ್ವೋ, ನಾಯಕ ಕಾಲರ್ ಹಿಡಿದು ಜಗ್ಗುತ್ತಾನೆ, ಸರಿಯಾಗಿ ನೋಡು, ಕಾಲು ಅಲುಗಿದ್ರೆ ಹೇಳು, ಹೊಗೆ ಮರೆ ಹಾಕಿ ಎಳ್ಕೊಂಡ್ ಬರೋಣ, ಇಲ್ಲಾಂದ್ರೆ ಇನ್ನಿಬ್ಬರನ್ನ ಸಾಯೋಕೆ ಕಳಿಸಲ್ಲ ನಾನು. ಕಡಿದ ಫೋನ್ ತಂತಿ ಕೂಡಿಸಲು ತೆವಳಿಕೊಂಡು ಹೋದ ಗೊರಕೆ, ಮುರುಕು ಗೋಡೆಯ ಹಿಂದಿನಿಂದ ಗುಂಡು ಹಾರುವವರೆಗೂ ಮೆಲ್ಲಗೆ ಸಿಳ್ಳೆ ಹಾಕುತ್ತಲೇ ಇದ್ದನಲ್ಲ, ಆ ಗೋಡೆ ಕಾಯುವ ಪಾಳಿ ಇವನದು, ಎಷ್ಟೋ ರಾತ್ರಿಗಳಿಂದ ನಿದ್ದೆಗೆಟ್ಟ ಕಣ್ಣು, ನಡು ಮಧ್ಯಾಹ್ನದ ಬಿಸಿಲು, ರೆಪ್ಪೆ ಹಾಗೇ ಕೂಡಿತ್ತಷ್ಟೇ, ಅಜ್ಜಿ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತಳು, ರಾಜಕುಮಾರ ಬೆಟ್ಟ ಹತ್ತಿದ ಕಣೋ ಮಗ, ಹೂಂ, ಅಲ್ಲೊಂದು ಹಾಳು ಕೋಟೆ, ಹೂಂ, ಗೋಡೆ ಹಿಂದೆ ಯಾರೂ ಇಲ್ಲ ತಾನೆ, ಹೂಂ — ಕಡೆಯ ಪ್ರಶ್ನೆ ಕೇಳಿದ್ದು ಅಜ್ಜಿಯಲ್ಲ, ನಾಯಕ, ಆ ಹೂಂ ನಂಬಿಯೇ ಗೊರಕೆಯನ್ನು ಕಳಿಸಿದ್ದು. ನಿದ್ದೆಗಣ್ಣಲ್ಲೂ ಹೂಂಗುಡ್ತಾನೆ ಕಳ್ಳ, ಹೂಂ ನಿಂತ್ರೆ ಕಥೆ ನಿಲ್ಲುತ್ತಲ್ಲ ಅಂತ ಭಯ ಇವನಿಗೆ, ಎಂದು ಅಜ್ಜಿ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು, ಅವಳ ಸೆರಗಿನ ಬಿಸಿ ಈಗಲೂ ಕೆನ್ನೆಗಿದೆ, ಅಲ್ಲ, ಅದು ಬಂದೂಕಿನ ಹಿಡಿ, ಬಿಸಿಲಿಗೆ ಕಾದಿದೆ. ನೋಡಿ ತಾನೆ ಹೂಂ ಅಂದಿದ್ದು ನೀನು? ನಾಯಕನ ಬಾಯಿಂದ ತಂಬಾಕಿನ ವಾಸನೆ, ಇಲ್ಲ ಸಾರ್ ಎನ್ನಬೇಕು, ಬಾಯಿಗೆ ಬರುವುದು ಅದೊಂದೇ, ಹೂಂ, ಛೀ, ನಾಲಿಗೆ ಕಚ್ಚಿಕೊಳ್ಳುತ್ತಾನೆ, ಗೊರಕೆ, ಲೋ ಗೊರಕೆ, ನಿದ್ದೆ ಹೋದವನು ನಾನು, ಹೆಸರು ನಿನಗೆ, ಕೇಳಿಸ್ತಿದೆಯೇನೋ, ರಾಜಕುಮಾರ ಇನ್ನೂ ಬೆಟ್ಟದ ಮೇಲೇ ಇದ್ದಾನೆ, ಒಂದು ಸಲ ಹೂಂ ಅನ್ನು, ಬಾಯಲ್ಲಿ ಬೇಡ, ಕಾಲಲ್ಲೇ ಅನ್ನು — ಅಲುಗ್ತೇನೋ? ಈ ಸಲ ನೋಡಿ ಹೇಳು, ನಾಯಕನ ಕೈಯಲ್ಲಿ ಹೊಗೆಡಬ್ಬಿ, ಹೌದೆಂದರೆ ಇಬ್ಬರು ಎದ್ದು ಓಡುತ್ತಾರೆ, ಇವನ ಒಂದು ಹೂಂಗೆ ಕಾದಿದ್ದಾರೆ, ಗಾಳಿ ನಿಂತಿದೆ, ಹುಲ್ಲು ನಿಂತಿದೆ, ಹಳದಿ ಗಂಟು, ರೆಪ್ಪೆ ಮಿಟುಕಿಸಬಾರದು, ಹಳದಿ ಗಂಟು — ಹಳದಿ —